ಸಣ್ಣಾಕಿ ಕಂಪ್ಯೂಟರಿನ ಯಾದಿ

ದಸರಾಕ್ಕ ಬನ್ನಿ ಕೊಡಾಕ ಬಂದವರೆಲ್ಲಾ ನಮ್ಮ ಸಣ್ಣಾಕಿ ಖೋಲಿಯೊಳಗ ಹಣಿಕಿ ಹಾಕಿ, "ಇದೇನವಾ ಇದು, ಗಾಜಿನ ಪೆಟಗಿಯೊಳಗ ಫ್ಯಾನು ತಿರಗಾಕಹತ್ಯಾವು?" ಅಂತ ಕೇಳಿದ್ರಿ. ಎಷ್ಟು ಬಿತ್ತು ಅಂತ ಕೇಳಿದವರಿಗೆ ನಾನು ಖರೇ ಕಿಮ್ಮತ್ತನ್ನ ಹೇಳಿದೆ. 1,09,800 ರೂಪಾಯಿ. ಆಮ್ಯಾಲ ಎಲ್ಲಾರೂ ಸುಮ್ನಾದ್ರಿ. ನಮ್ಮ ನೆಗೆಣ್ಣಿ ಒಬ್ಬಾಕಿ, "ಒಂದೂವರಿ ತೊಲಿ ಬಂಗಾರ ಬರತಿತ್ತಲ್ಲ ಅಕ್ಕಾ" ಅಂದ್ಲು. ಅವತ್ತ ಕೈಯಾಗ ಉಂಡಿ ತಾಟು ಹಿಡಕೊಂಡಿದ್ದೆ, ಕುಂತು ಮಾತಾಡಾಕ ಆಗಲಿಲ್ಲ. ಈಗ ದೀಪಾವಳಿ ಗಡಿಬಿಡಿ ಮುಗದೈತಿ, ಪೂರ್ತಿ ಹಕೀಕತ್ತು ಬರೀತೇನಿ. ನಿಮ್ಮ ಮನ್ಯಾಗಿನ ಹುಡುಗ್ರೂ ಇವತ್ತಿಲ್ಲಾ ನಾಳೆ ಇದನ್ನ ಕೇಳತಾವ. ಬ್ಯಾಡ ಅನ್ನೂದಿದ್ರೂ ಒಳಗ ಏನೈತಿ ಅಂತ ತಿಳಕೊಂಡು ಅನ್ರಿ.

ಮೊದಲ ಒಂದು ಮಾತು. ಇದು ಆಟಾ ಆಡೋ ಕಂಪ್ಯೂಟರ್. ಕೆಲಸಕ್ಕ ಅಕಿಗೆ ಕಂಪನಿಯವರು ಲ್ಯಾಪ್‌ಟಾಪ್ ಕೊಟ್ಟಾರ. "ಅಭ್ಯಾಸಕ್ಕ ಬೇಕು, ಆಫೀಸಿಗೆ ಬೇಕು" ಅಂತ ಸುಳ್ಳ ಹೇಳಿ ತಂದದ್ದಲ್ಲ. ಸಣ್ಣಾಕಿನೂ ಹಂಗ ಹೇಳಲಿಲ್ಲ, ನಾನೂ ಹೇಳೂದಿಲ್ಲ.

ನಿಮಗೆಲ್ಲಾ ಗೊತ್ತಿದ್ದದ್ದ, ದೊಡ್ಡಾಂವ ಪುಣೆಕ್ಕ ಹೋಗಿ ಎರಡು ವರ್ಷ ಆತು. ಸಣ್ಣಾಕಿ ಬಿ.ಕಾಂ. ಮುಗಿಸಿ ಮನ್ಯಾಗ ಕುಂತು ಬೆಂಗಳೂರಿನ ಕಂಪನಿ ಲೆಕ್ಕಾ ಬರೀತಾಳ. ಸಣ್ಣವರಿದ್ದಾಗ ಇಬ್ರೂ ನಮ್ಮ ಅತ್ತಿ ಕೂಡ ಚೌಕಾಬಾರಾ ಆಡಾಕ ಕುಂತ್ರಂದ್ರ ಹುಣಸೀಬೀಜ ಉರುಳಿಸಿದ್ದಕ್ಕ ಜಗಳಾ, ಕಾಯಿ ಕಡದದ್ದಕ್ಕ ಜಗಳಾ. ಈಗ ಫೋನ್ ಹಚ್ಚಿದ್ರ "ಊಟಾ ಆತಾ?" "ಆತು." "ಮತ್ತೇನು?" "ಏನಿಲ್ಲ." ಇಷ್ಟಕ್ಕ ಮುಗೀತಿತ್ತು. ಆದ್ರ ಶನಿವಾರ ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಆಟಕ್ಕ ಕುಂತ್ರ ಅದ ಅಣ್ಣ-ತಂಗಿ ಎರಡು ತಾಸು ಮಾತಾಡ್ತಾರ. ಆಟದ ನಡುವ ಆಫೀಸಿನ ಸುದ್ದಿ, ಹೊಟ್ಟಿನೋವಿನ ಸುದ್ದಿ, ಮನಿ ಭಾಡಿಗಿ ಸುದ್ದಿ ಎಲ್ಲಾ ಹೊರಗ ಬರತಾವ. ಅಂವಗ ಜ್ವರಾ ಬಂದಿದ್ದು ನಂಗ ಗೊತ್ತಾದದ್ದೂ ಈ ಆಟದ ಕಡಿಂದನ.

ಅಕಿ ಹಂತ್ಯಾಕ ಇದ್ದದ್ದು ಕಾಲೇಜಿಗೆ ಅಂತ ಕೊಡಿಸಿದ ಹಳೇ ಲ್ಯಾಪ್‌ಟಾಪ್. ಸಣ್ಣ ಪುಟ್ಟ ಆಟಾ ನಡೀತಿದ್ದು. ದೊಡ್ಡಾಂವ ‘ಬಾಲ್ಡರ್ಸ್ ಗೇಟ್ 3’ ಅಂತ 2023ರಾಗ ಬಂದ ಆಟಾ ತಗೊಂಡ. ಅದಕ್ಕ ಎಸ್‌ಎಸ್‌ಡಿಯೊಳಗ 150 ಜಿಬಿ ಜಾಗಾ ಬೇಕು, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಈ ಲ್ಯಾಪ್‌ಟಾಪಿನ್ಯಾಗ ಅದು ಏಳಲಿಲ್ಲ. ಪಂಚಮಿಗೂ ಅಂವ ಬರಲಿಲ್ಲ, ರಜಾ ಸಿಗಲಿಲ್ಲ. ಜೋಕಾಲಿ ಕಟ್ಟಿದ್ದು ಹಂಗ ಇತ್ತು. ಅವತ್ತ ರಾತ್ರಿ ಸಣ್ಣಾಕಿ ನನ್ನ ಹಂತ್ಯಾಕ ಬಂದು, "ಅವ್ವಾ, ನನ್ನ ರೊಕ್ಕಾ 70 ಸಾವಿರ ಕೂಡ್ಯಾವ. ನಂಗೊಂದು ಕಂಪ್ಯೂಟರ್ ಜೋಡಿಸಬೇಕಾಗೈತಿ" ಅಂದ್ಲು.

ಅವರಪ್ಪಗ ಹೇಳಿದ ಕೂಡ್ಲೆ, "ಆಟಾ ಆಡಾಕ ಲಕ್ಷ ರೂಪಾಯಿ? ಲಗ್ನದ ವಯಸ್ಸಿನ ಹುಡುಗಿ!" ಅಂದವರ ಎದ್ದು ಅಂಗಡಿಗೆ ಹೋದ್ರು. ಒಂದು ವಾರ ಆ ವಿಷಯ ತಗದ್ರ ಪೇಪರ್ ಮಾರಿಗೆ ಅಡ್ಡಾ ಹಿಡೀತಿದ್ರು. ನಾನು ಸಣ್ಣಾಕಿಗೆ ಹೇಳಿದೆ, "ಹೂಂ ಅನ್ನೂದು, ಬ್ಯಾಡ ಅನ್ನೂದು ಆಮ್ಯಾಲ. ಮೊದಲ ಯಾದಿ ಬರಿ. ಯಾದಿ ಇಲ್ಲದ ನಾನು ಕಿರಾಣಿ ಅಂಗಡಿಗೂ ಹೋಗೂದಿಲ್ಲ." ಆಗಸ್ಟದಾಗ ನನ್ನ ಭಿಶಿ ಎದ್ದಿತ್ತು, 40 ಸಾವಿರ. ಅದನ್ನ ಕೊಡೂದು ಬಿಡೂದು ಯಾದಿ ನೋಡಿ ಅಂತ ಮನಸಿನ್ಯಾಗ ಇಟ್ಟಕೊಂಡಿದ್ದೆ.

ಯಾದಿಗೆ ಮೊದಲ ಹುಬ್ಬಳ್ಳಿ ಒಂದು ಅಂಗಡಿ ಕಥಿ ಹೇಳಬೇಕು. ಹೆಸರು ಬ್ಯಾಡ. ನಾವಿಬ್ರೂ ಹೋದ್ವಿ. "ಜೋಡಿಸೂದು ಯಾಕ್ರೀ ಅಕ್ಕಾರ, ಸೆಟ್ ರೆಡಿ ಐತಿ, ಐ7 ಪ್ರೊಸೆಸರ್, ಗೇಮಿಂಗ್ ಪಿಸಿ, 42 ಸಾವಿರ" ಅಂದ. ಒಳಗ ಕೆಂಪು ಹಸರು ದೀಪಾ, ಜಾತ್ರಿ ತೇರಿನಗತೆ. ಐ7 ಅಂದ್ರ ಐ5ಕಿಂತ ದೊಡ್ಡದು ಅಂತ ನಮ್ಮಂಥವರು ತಿಳಕೋತೀವಲ್ಲ, ಅಲ್ಲೇ ಐತಿ ಗುಟ್ಟು. ಸಣ್ಣಾಕಿ "ಪೂರಾ ನಂಬರ್ ಹೇಳ್ರಿ" ಅಂದ್ಲು. ಅಂವ ಎರಡು ಸಲ ಮಾತು ಹಾರಿಸಿದ, ಮೂರನೇ ಸಲಕ್ಕ 3770 ಅಂದ. ಮೊದಲಿನ ಅಂಕಿ 3 ಅಂದ್ರ ಮೂರನೇ ಪೀಳಿಗಿ, 2012ರಾಗ ಬಂದದ್ದು. 12400 ಅಂತ ಇದ್ರ ಮೊದಲಿನ ಎರಡು ಅಂಕಿ ನೋಡಬೇಕು, ಹನ್ನೆರಡನೇ ಪೀಳಿಗಿ. ಅಂದ್ರ ಇವತ್ತಿನ ಐ5 ಆ ಕಾಲದ ಐ7ಕ್ಕಿಂತ ಎಷ್ಟೋ ಜೋರು. ಮ್ಯಾಲ ಆ ಹಳೇ ಪ್ರೊಸೆಸರಿಗೆ ವಿಂಡೋಸ್ 11 ಮೈಕ್ರೋಸಾಫ್ಟಿನವರ ಕಾಯ್ದೆ ಪ್ರಕಾರ ಬರೂದಿಲ್ಲ, ವಿಂಡೋಸ್ 10ಕ್ಕ ಅವರ ಆಸರಾ 2025ರ ಅಕ್ಟೋಬರಕ್ಕ ಮುಗದೈತಿ. ಅಕ್ಕಿ ಹಳೇದಾದಷ್ಟೂ ಛಲೋ. ಪ್ರೊಸೆಸರ್ ಹಂಗಲ್ಲ. ಯಾರರೇ ಬರೇ ಐ5, ಐ7 ಅಂದ್ರ ಮುಂದಿನ ನಂಬರ್ ಕೇಳ್ರಿ, ಹೇಳದಿದ್ರ ಚಪ್ಪಲಿ ಮೆಟ್ಟಿಕೊಂಡು ಬರ್ರಿ.

ಮನಿಗೆ ಬಂದು ನನ್ನ ಕಿರಾಣಿ ಡೈರಿ ಹಿಂದಿನ ಹಾಳಿಯೊಳಗ ಬರಿಯಾಕ ಕುಂತ್ವಿ. ನಾನಂತೂ ಪಿ.ಯು.ಸಿ. ಓದಿದಾಕಿ, ನಮ್ಮ ಕಾಲಕ್ಕ ಕಾಲೇಜಿನ್ಯಾಗ ಕಂಪ್ಯೂಟರ್ ಖೋಲಿಗೆ ಕೀಲಿ ಹಾಕಿರತಿದ್ರು. ಆದ್ರ ಕೇಳಿದ್ರ ತಿಳಿಯದಂಥದ್ದು ಇದರಾಗ ಏನೂ ಇಲ್ಲ.

ಸಣ್ಣಾಕಿ ಬರದದ್ದು ಗ್ರಾಫಿಕ್ಸ್ ಕಾರ್ಡಿನಿಂದ. ನಾನು ಅದನ್ನ ಕೆಳಗ ಹಾಕಸಿದೆ. "ಮೊದಲ ಪರದೆ ಬರಿ. ಮಂದಿ ಎಷ್ಟು ಅಂತ ಗೊತ್ತಿಲ್ಲದ ಬೋಗುಣಿ ಹೆಂಗ ಆರಸ್ತಿ?" ಕಾರ್ಡಿನ ಕೆಲಸ ಅಂದ್ರ ಪರದೆ ಮ್ಯಾಲಿನ ಒಂದೊಂದು ಚುಕ್ಕಿಗೂ ಬಣ್ಣಾ ತುಂಬೂದು. ರಂಗೋಲಿ ಅನ್ರಿ. ಸಾದಾ ಫುಲ್ ಎಚ್‌ಡಿ ಪರದೆಯೊಳಗ ಅಡ್ಡ 1920, ಉದ್ದ 1080 ಚುಕ್ಕಿ, ಕೂಡಿ 20 ಲಕ್ಷದ ಮ್ಯಾಲ. ಅದರ ಮ್ಯಾಲಿಂದು 2560 ಮತ್ತು 1440, ಅದು ಹತ್ತತ್ರ 37 ಲಕ್ಷ. ಒಂದೂ ಮುಕ್ಕಾಲು ಪಟ್ಟು ರಂಗೋಲಿ, ಅದೂ ಸೆಕೆಂಡಿಗೆ ಅರವತ್ತೋ ನೂರೋ ಸಲ ಅಳಿಸಿ ಹೊಳ್ಳಿ ಹಾಕಬೇಕು. ದೊಡ್ಡ ಪರದೆ ತಂದ್ರ ದೊಡ್ಡ ಕಾರ್ಡ್ ಬೇಕು, ದೊಡ್ಡ ಕಾರ್ಡ್ ತಂದ್ರ ದೊಡ್ಡ ಪವರ್ ಸಪ್ಲೈ ಬೇಕು, ದೊಡ್ಡ ಪೆಟಗಿ ಬೇಕು. ಒಂದು ಕಡೆ ಕೈ ಬಿಚ್ಚಿದ್ರ ಯಾದಿ ತುಂಬ ಬಿಚ್ಚಬೇಕಾಗತೈತಿ. ಅಕಿ ಖೋಲಿ ಹತ್ತು ಫೂಟಿಂದು, ಮೇಜಿಗೂ ಕುರ್ಚಿಗೂ ಅಂತರ ಎರಡು ಫೂಟ್. 24 ಇಂಚಿನ ಫುಲ್ ಎಚ್‌ಡಿ ಸಾಕು ಅಂತ ಅಕಿನ ಅಂದ್ಲು. 165 ಹರ್ಟ್ಜ್ ಇರೋದು, 11,700.

ಪರದೆ ನಿಂತ ಮ್ಯಾಲ ಕಾರ್ಡಿನ ಜಗಳಾ. ದೊಡ್ಡಾಂವ ಪುಣೆದಿಂದ, "4070 ಸೂಪರ್ ತಗೊ, ಐದು ವರ್ಷ ನೋಡೂದು ಬ್ಯಾಡ" ಅಂದ. ಅದೊಂದಕ್ಕ 60 ಸಾವಿರ. ಸಲಹೆ ಕೊಡಾಕ ಅಂವ ಭಾಳ ಶಾಣ್ಯಾ. ಅಂವಗ ನಾ ಹೇಳಿದೆ, "ಫುಲ್ ಎಚ್‌ಡಿ ಪರದೆಗೆ ಆ ಕಾರ್ಡ್ ಅಂದ್ರ ಇಬ್ರಿಗೆ ಅಡಗಿ ಮಾಡಾಕ ಲಗ್ನದ ಹಂಡೇವು ಒಲಿ ಮ್ಯಾಲ ಇಟ್ಟಂಗ." ಉಳಿದದ್ದು ಎರಡು. ಆರ್‌ಟಿಎಕ್ಸ್ 4060, 29,500, ಅದರ ಸ್ವಂತ ಮೆಮೊರಿ 8 ಜಿಬಿ. ಇನ್ನೊಂದು ರೇಡಿಯಾನ್ ಆರ್‌ಎಕ್ಸ್ 7600 ಎಕ್ಸ್‌ಟಿ, 33 ಸಾವಿರದ ಸುಮಾರಿಗೆ, ಅದಕ್ಕ 16 ಜಿಬಿ. ಹೊಸಾ ಆಟಗೋಳಿಗೆ 8 ಜಿಬಿ ಇಕ್ಕಟ್ಟಾಗಾಕಹತ್ತೈತಿ ಅಂತ ದೊಡ್ಡಾಂವ ವಾದಾ ಮಾಡಿದ, ಅಂವನ ಮಾತಿನ್ಯಾಗೂ ಖರೇ ಇತ್ತು. ಇತ್ತ 4060 ಅನ್ನೋದು 115 ವ್ಯಾಟಿನ್ಯಾಗ ಕೆಲಸಾ ಮುಗಸತೈತಿ, ಇನ್ನೊಂದಕ್ಕ ಅದರಕಿಂತ ಭಾಳ ಬೇಕು. ನಮ್ಮ ಧಾರವಾಡದ ಏಪ್ರಿಲ್ ಬಿಸಿಲಿಗೆ, ಎ.ಸಿ. ಇಲ್ಲದ ಖೋಲಿಗೆ ಕಡಿಮಿ ಕರೆಂಟು ತಿನ್ನೋದು ನಂಗ ಪಸಂದ ಬಂತು. ಆದ್ರ ಇದರಾಗ ನಾ ಬಾಯಿ ಹಾಕಲಿಲ್ಲ. ಆಡೋದು ಅಕಿ, 70 ಸಾವಿರ ಅಕೀದು. ಎರಡು ದಿನಾ ವೀಡಿಯೊ ನೋಡಿ ನೋಡಿ 4060 ಅಂದ್ಲು. "ಸೆಟ್ಟಿಂಗ್ ಒಂದು ಮೆಟ್ಟಲಾ ಇಳಸತೇನಿ, ಕಾರ್ಡ್ ಮುಂದ ಬದಲಿ ಮಾಡಬಹುದು. ಬೋರ್ಡ್ ಬದಲಿ ಮಾಡೂದು ಅಂದ್ರ ಮನಿ ಅಡಿಪಾಯ ಕಿತ್ತಂಗ."

ಬೋರ್ಡಿನ ಮಾತು ಅಕಿ ಹೇಳಿದ್ದು ನಂಗ ಭಾಳ ಸೇರಿತು, ಅದಕ್ಕ ಬಿಡಿಸಿ ಬರೀತೇನಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರನ್ನ ಬಿಡಿಬಿಡಿಯಾಗಿ ಆರಿಸಾಕ ಬರೂದಿಲ್ಲ, ಒಂದಕ್ಕೊಂದು ಜಾತಕ ಕೂಡಬೇಕು. ಎಎಮ್‌ಡಿ ಕಂಪನಿಯವರ ಹಳೇ ಸಾಕೆಟ್ ಎಎಂ4. ಅದಕ್ಕ ಡಿಡಿಆರ್4 ರ‍್ಯಾಮ್. ಹೊಸಾದು ಎಎಂ5, 2022ರಾಗ ಬಂತು, ಅದಕ್ಕ ಬರೇ ಡಿಡಿಆರ್5. ಡಿಡಿಆರ್4 ಪಟ್ಟಿನ ಡಿಡಿಆರ್5 ಸಂದಿಯೊಳಗ ತುರಕಾಕ ಹೋದ್ರ ಕೂಡೂದ ಇಲ್ಲ, ಕೊರದ ಗುರುತು ಬ್ಯಾರೆ ಕಡೆ ಇರತೈತಿ. ಹಳೇ ಜೋಡಿ ತಗೊಂಡ್ರ ಹತ್ತು ಸಾವಿರದ ಮ್ಯಾಲ ಉಳೀತಿತ್ತು. ರೈಜೆನ್ 5 5600 ಇವತ್ತಿಗೂ ಛಲೋ ಅಂತಾರ. ಆದ್ರ ಆ ದಾರಿ ಅಲ್ಲಿಗೆ ಮುಗೀತು. 2017ರಾಗ ಎಎಂ4 ಬೋರ್ಡ್ ತಗೊಂಡವರಾಗ ಎಷ್ಟೋ ಮಂದಿ 2022ರಾಗ ಬಂದ ಪ್ರೊಸೆಸರನ್ನ ಅದ ಬೋರ್ಡಿಗೆ ಹಾಕ್ಕೊಂಡ್ರಂತ. ಎಎಂ5ಕ್ಕೂ 2027ರ ತನಕಾ ಹೊಸಾ ಪ್ರೊಸೆಸರ್ ಕೊಡತೀವಿ ಅಂತ ಕಂಪನಿ ಹೇಳೈತಿ. ಅದಕ್ಕ ಸಣ್ಣಾಕಿ ರೈಜೆನ್ 5 7600, 18,500 ರೂಪಾಯಿಂದು, ಅದಕ್ಕ ವೈಫೈ ಇರೋ ಬಿ650 ಬೋರ್ಡ್, 14,200, ಹಿಂಗ ಬರದ್ಲು. 7600ರ ಡಬ್ಬಿಯೊಳಗ ತಂಪು ಮಾಡೋ ಫ್ಯಾನ್ ಪುಕ್ಕಟೆ ಬರತೈತಿ, ಕೊನೀಗೆ ಎಕ್ಸ್ ಇರೋ 7600ಎಕ್ಸ್‌ಗೆ ಬರೂದಿಲ್ಲ. ಒಂದು ಅಕ್ಷರಕ್ಕ ಮೂರು ನಾಕು ಸಾವಿರದ ಫರಕು.

ರ‍್ಯಾಮ್ 32 ಜಿಬಿ. ಒಂದ 32ರದ್ದಲ್ಲ, 16ರದು ಎರಡು. ಎರಡು ಕೈಲೆ ಬಡಿಸಿದ್ರ ಪಂಕ್ತಿ ಲಗೂ ಮುಗೀತೈತಿ. 9,400.

ಇಲ್ಲಿ ತನಕಾ ಅವರಪ್ಪನ ಪೇಪರ್ ಕೆಳಗ ಇಳಿದಿರಲಿಲ್ಲ. ಇಳಿದದ್ದು ಪವರ್ ಸಪ್ಲೈ ಬಂದಾಗ.

ಸಣ್ಣಾಕಿಗೆ 16 ಜಿಬಿ ಕಾರ್ಡಿನ ಆಸೆ ಪೂರಾ ಹೋಗಿರಲಿಲ್ಲ. ಲೆಕ್ಕಾ ಕೂಡಿಸ್ತಾ ಕೂಡಿಸ್ತಾ, "ಅವ್ವಾ, ಒಂದು ಪೆಟಗಿ ಜೋಡಿ 500 ವ್ಯಾಟಿನ ಪವರ್ ಸಪ್ಲೈ ಫ್ರೀ ಕೊಡ್ತಾರ. ಆರು ಸಾವಿರ ಉಳೀತೈತಿ, ಅದನ್ನ ಕಾರ್ಡಿಗೆ ಹಾಕೋಣು" ಅಂದ್ಲು. ಪಡಸಾಲಿಯಿಂದ ದನಿ ಬಂತು.

"ಫ್ರೀ?"

ಒಂದು ವಾರದ ಮ್ಯಾಲ ಈ ವಿಷಯದಾಗ ಅವರು ಆಡಿದ ಮೊದಲನೇ ಮಾತು ಇದು. ನಿಮಗ ಗೊತ್ತಲ್ಲ, ಮೂವತ್ತು ವರ್ಷ ಮೋಟರ್ ವೈಂಡಿಂಗ್ ಮಾಡಿದ ಕೈ ಅದು. ಕರೆಂಟಿನ ಸಾಮಾನು ಫ್ರೀ ಅಂದ್ರ ಅವರಿಗೆ ತಡಕೊಳ್ಳಾಕ ಆಗೂದಿಲ್ಲ. ಎದ್ದು ಬಂದು ಡೈರಿ ಇಸಗೊಂಡು ಕುಂತ್ರು. "ಇದು ಮಾಡೂದೇನು?" ಅಂತ ಕೇಳಿದ್ರು. ಗ್ವಾಡಿಯೊಳಗಿನ 230 ವೋಲ್ಟಿನ ಎ.ಸಿ. ಕರೆಂಟನ್ನ 12, 5, 3.3 ವೋಲ್ಟಿನ ಡಿ.ಸಿ. ಮಾಡಿ ಒಳಗಿನ ಎಲ್ಲಾದಕ್ಕೂ ಕೊಡೂದು ಅಂತ ಅಕಿ ಹೇಳಿದ್ಲು. "ಅಂದ್ರ ಎಲ್ಲಾದೂ ಇದರ ಹಿಂದ ಐತಿ. ಮೋಟರ್ ಸುಟ್ರ ಮೋಟರ್ ಒಂದ ಸುಡತೈತಿ. ಇದು ಕೆಟ್ಟು ವೋಲ್ಟೇಜ್ ಹೆಚ್ಚ ಬಿಟ್ತಂದ್ರ ನಿನ್ನ ಮೂವತ್ತು ಸಾವಿರದ ಕಾರ್ಡನ್ನೂ ಕರಕೊಂಡ ಹೋಗತೈತಿ. ಡಬ್ಬಿ ಮ್ಯಾಲ 500 ಅಂತ ಚೀಟಿ ಹಚ್ಚಾಕ ಎಷ್ಟು ಖರ್ಚಾಗತೈತಿ?"

ಅವತ್ತಿಂದ ಯಾದಿಯೊಳಗಿನ ಆ ಒಂದು ಸಾಲು ಅವರದಾತು. ಪ್ರೊಸೆಸರ್ 65 ವ್ಯಾಟ್, ಜೋರು ಬಿದ್ದಾಗ 88. ಕಾರ್ಡ್ 115. ಬೋರ್ಡ್, ಫ್ಯಾನ್, ಉಳಿದದ್ದಕ್ಕ ಒಂದ 60. ಎಲ್ಲಾ ಕೂಡಿ 260ರ ಸುಮಾರು. ಕಾರ್ಡಿನವರು 550 ವ್ಯಾಟಿಂದು ಇರಲಿ ಅಂತ ಹೇಳತಾರ. ಇವರು 650 ಅಂದ್ರು, ಮುಂದ ಕಾರ್ಡ್ ದೊಡ್ಡದು ಹಾಕಿದ್ರ ಇದನ್ನ ಬದಲಿ ಮಾಡೂದು ಬರಬಾರದು ಅಂತ. ಮ್ಯಾಲ ‘80 ಪ್ಲಸ್ ಬ್ರಾಂಜ್’ ಮುದ್ರಿ. ಹಂಗಂದ್ರ ಅರ್ಧ ಭಾರ ಬಿದ್ದಾಗ ಕಮ್ಮೀತ್ ಕಮ್ಮಿ ನೂರಕ್ಕ 85 ಪಾಲು ಕರೆಂಟು ಕೆಲಸಕ್ಕ ಬರತೈತಿ, ಉಳಿದದ್ದು ಬಿಸಿಯಾಗಿ ಹೋಗತೈತಿ. ಆದ್ರ ಆ ಮುದ್ರಿ ಕರೆಂಟು ಉಳಿತಾಯದ್ದು. ಒಳಗಿನ ಮಾಲು ಹೆಂಗೈತಿ ಅನ್ನೂದಕ್ಕ ಖಾತ್ರಿ ಎಷ್ಟು ವರ್ಷದ್ದು ಅಂತ ನೋಡ್ರಿ ಅಂದ್ರು. ಐದು ವರ್ಷದ ಖಾತ್ರಿ ಇದ್ದದ್ದು ತಂದ್ವಿ, 6,300. ಯಾದಿಯೊಳಗ ಒಂದ ಒಂದು ಸಾಮಾನಿಗೆ ನಾ ಚೌಕಾಶಿ ಮಾಡಿಲ್ಲಂದ್ರ ಅದು ಇದಕ್ಕ.

ಅಷ್ಟಕ್ಕ ಬಿಡಲಿಲ್ಲ. ಮರುದಿನ ಟೆಸ್ಟ್ ಲ್ಯಾಂಪ್ ತಗೊಂಡು ಸಣ್ಣಾಕಿ ಖೋಲಿಗೆ ಹೋದ್ರು. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದ್ರ ಬಲ್ಬ್ ಹತ್ತಿತು. ಫೇಸಿಗೂ ಮ್ಯಾಲಿನ ದಪ್ಪ ತೂತಿನ ಅರ್ಥಿಂಗಿಗೂ ಹಿಡಿದ್ರ ಹತ್ತಲಿಲ್ಲ. ಪ್ಲಗ್ಗಿನ್ಯಾಗ ಮೂರು ತೂತು ಅದಾವ, ಮೂರನೇದಕ್ಕ ವಾಯರ್ರ ಬಂದಿಲ್ಲ. ಮನಿ ಕಟ್ಟಿಸಿದಾಗ ಕೆಲಸಾ ಮಾಡಿದಾಂವ ಆ ಖೋಲಿಗೆ ಹಸರು ವಾಯರ್ ಎಳದಿರಲೇ ಇಲ್ಲ. ಇಪ್ಪತ್ತಾರು ವರ್ಷ ನಾವು ಆ ಖೋಲಿಯೊಳಗ ಇಸ್ತ್ರಿ ಮಾಡೀವಿ, ಕೂಲರ್ ಹಚ್ಚೀವಿ, ಕೂಸಿದ್ದಾಗ ಸಣ್ಣಾಕಿ ತೊಟ್ಟಿಲಾ ಅಲ್ಲೇ ಇತ್ತು. ಕಬ್ಬಿಣದ ಪೆಟಗಿಯೊಳಗ ಎಲ್ಲರೆ ಕರೆಂಟು ಸೋರಿದ್ರ ಅದು ಭೂಮಿಗೆ ಇಳಿಯಾಕ ಅದೊಂದ ದಾರಿ. ಆ ದಾರಿ ಇಲ್ಲಂದ್ರ ಮುಟ್ಟಿದವರ ಮೈಯಾಗಿಂದ ಇಳೀತೈತಿ. ಇವರು ಅವತ್ತ ಅಂಗಡಿ ತಗಿಯಲಿಲ್ಲ. ಮೀಟರ್ ಬೋರ್ಡಿನಿಂದ ಹೊಸಾ ವಾಯರ್ ಎಳದು, ಅಡಗಿಮನಿದು, ಬಚ್ಚಲದ್ದು ಎಲ್ಲಾ ತಪಾಸ ಮಾಡಿದ್ರು. ಅಕ್ಕಾರ, ನಿಮ್ಮ ಮನಿ ಹಳೇದಿದ್ರ ಕಂಪ್ಯೂಟರ್ ತರ್ರಿ ಬಿಡ್ರಿ, ಇದೊಂದು ನೋಡಿಸಿಕೋರಿ. ನೀವ ಕೈ ಹಾಕಬ್ಯಾಡ್ರಿ, ಗೊತ್ತಿದ್ದವರನ್ನ ಕರೀರಿ.

ಉಳಿದ ಸಾಮಾನು ಲಗೂ ಲಗೂ ಹೇಳತೇನಿ. ಎಸ್‌ಎಸ್‌ಡಿ ಒಂದು ಟಿಬಿ, ಎನ್‌ವಿಎಂಇ ಅಂತ, ಚ್ಯೂಯಿಂಗ್ ಗಮ್ ಪಟ್ಟಿಯಷ್ಟ ಇರತೈತಿ, 6,200. ಪೆಟಗಿ 4,700, ಮುಂದ ಗಾಜಿರದ ಜಾಳಿಗಿ ಇರೋದು, ಯಾಕಂದ್ರ ಗಾಳಿ ಒಳಗ ಹೋಗಬೇಕು. ಗಾಜು ಬಾಜೂಕ ಐತಿ. ಕೀಬೋರ್ಡ್, ಮೌಸ್ 2,800. ಕರೆಂಟು ಹೋದಾಗ ಬರದದ್ದನ್ನ ಉಳಿಸಿ ಆರಿಸಾಕ ಯುಪಿಎಸ್ 6,500. ಅದು ಐದು ಹತ್ತು ನಿಮಿಷದ್ದಷ್ಟ, ಅದನ್ನ ಇನ್ವರ್ಟರ್ ಅಂತ ತಿಳಕೋಬ್ಯಾಡ್ರಿ. ವಿಂಡೋಸಿನ ರೊಕ್ಕಾ ದೊಡ್ಡಾಂವ ಕೊಟ್ಟ, ಪಂಚಮಿ ಉಡುಗೊರಿ ಅಂತ. ಅದು ಈ ಲೆಕ್ಕದಾಗ ಇಲ್ಲ.

ಸೆಪ್ಟೆಂಬರದಾಗ ಸಣ್ಣಾಕಿಗೆ ಬೆಂಗಳೂರು ಆಫೀಸಿನ್ಯಾಗ ಮೀಟಿಂಗ್ ಇತ್ತು, ಅವರಪ್ಪ ಜೋಡಿ ಹೋದ್ರು. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಕಾರ್ಡ್ ನಾಕನ್ನೂ ಎಸ್.ಪಿ. ರೋಡಿನ್ಯಾಗ ತಂದ್ರು, ಉಳಿದದ್ದು ಇಲ್ಲೇ ಹುಬ್ಬಳ್ಳ್ಯಾಗ. ಎಸ್.ಪಿ. ರೋಡ್ ಅಂದ್ರ ಸದಾರ್ ಪತ್ರಪ್ಪ ರಸ್ತೆ. ಇವರು ವೈಂಡಿಂಗ್ ಸಾಮಾನಿಗೆ ಹೋಗಿ ಹೋಗಿ ಆ ಓಣಿ ಸಂದಿ ಎಲ್ಲಾ ಗೊತ್ತಿದ್ದವರು. ಒಂದು ಅಂಗಡ್ಯಾಗ "ಬಿಲ್ ಬ್ಯಾಡಂದ್ರ 18 ಪರ್ಸೆಂಟ್ ಜಿಎಸ್‌ಟಿ ಉಳೀತೈತಿ" ಅಂದನಂತ. ಸಣ್ಣಾಕಿ ಲೆಕ್ಕಾ ಬರಿಯಾಕಿ, ಅಕಿ ಮುಂದ ಇಂಥಾ ಮಾತು! ಬಿಲ್ಲಿನ್ಯಾಗ ಡಬ್ಬಿ ಮ್ಯಾಲಿನ ಸೀರಿಯಲ್ ನಂಬರ್ ಬರಿಸಿಕೊಂಡು ಬಂದ್ಲು. ಕೆಟ್ರ ಕಂಪನಿಯವರ ಮುಂದ ಅದ ಕಾಗದಾ ಹಿಡದು ನಿಂದ್ರಬೇಕು. ಡಬ್ಬಿ ಇಲ್ಲದ ಬಿಡಿ ಪ್ರೊಸೆಸರ್ ಎರಡು ಸಾವಿರ ಕಡಿಮಿಗೆ ಕೊಡ್ತಿದ್ರು, ಅದನ್ನೂ ಬಿಟ್ಟು ಬಂದ್ಲು.

ಜೋಡಿಸಿದ್ದು ಒಂದು ಆಯಿತವಾರ, ಊಟಾದ ಮ್ಯಾಲ. ದೊಡ್ಡಾಂವ ಪುಣೆದಿಂದ ಫೋನಿನ್ಯಾಗ ಮಾರಿ ತೋರಿಸ್ಕೋತ ಕುಂತಿದ್ದ. ಎಎಂ5 ಬೋರ್ಡಿನ ಸಾಕೆಟಿನ್ಯಾಗ ಕೂದಲಿನಂಥಾ 1718 ಪಿನ್ ಅದಾವ. ಒಂದು ಡೊಂಕಾದ್ರ ಬೋರ್ಡ್ ಹೋದಂಗ. ಮೂಲಿಗಿರೋ ತ್ರಿಕೋನದ ಗುರುತು ನೋಡಿ ಪ್ರೊಸೆಸರನ್ನ ಮ್ಯಾಲಿಂದ ಸುಮ್ನ ಇಡಬೇಕು, ಒತ್ತಬಾರದು. ಸಣ್ಣಾಕಿ ಕೈ ನಡಗಾಕಹತ್ತಿದ್ದು. ಅವರಪ್ಪ, "ಉಸರು ಬಿಟ್ಟು ಇಡು" ಅಂದ್ರು. ಇಟ್ಲು. ಫ್ಯಾನಿನ ನಾಕು ಸ್ಕ್ರೂ ಹಾಕುವಾಗ ಅಕಿ ಒಂದನ್ನ ಪೂರಾ ಬಿಗಿಯಾಕ ಹೋದ್ಲು. "ಎದುರಾಬದುರಾ, ಒಂದೊಂದು ಸುತ್ತು. ಮೋಟರ್ ಮುಚ್ಚಳಾ ನೋಡಿಲ್ಲೇನು?" ಅಂತ ಅವರು ಹೇಳಿಕೊಟ್ರು. ರ‍್ಯಾಮ್ ಎರಡನೇ ಮತ್ತು ನಾಕನೇ ಸಂದಿಗೆ. ಕಾರ್ಡ್ ಕುಂತಾಗ ಟಕ್ ಅಂತ ಸಪ್ಪಳಾ ಆತು, ನಂಗ ಎದಿ ಝಲ್ ಅಂತು, ಹಂಗ ಆಗಬೇಕಂತ.

ಸಂಜಿಮುಂದ ಸ್ವಿಚ್ ಹಾಕಿದ್ವಿ. ಫ್ಯಾನು ತಿರಗಿದು. ಪರದೆ ಕಪ್ಪ. ಒಂದು ನಿಮಿಷ, ಎರಡು ನಿಮಿಷ, ಕಪ್ಪ. ಸಣ್ಣಾಕಿ ಕಣ್ಣಾಗ ನೀರು ನಿಂತಿದ್ದು. ಆರಿಸಿಬಿಡಲಾ ಅಂತ ಕೈ ಒಯ್ದ್ಲು. ದೊಡ್ಡಾಂವ ಫೋನಿನ್ಯಾಗ ಒದರಿದ, "ಆರಸಬ್ಯಾಡ! ಡಿಡಿಆರ್5 ಮೊದಲನೇ ಸಲ ತನ್ನ ತಾ ಹೊಂದಿಸ್ಕೋತೈತಿ, ಹೊತ್ತು ಹಿಡೀತೈತಿ." ನಾನು ದೇವರಮನಿ ಕಡೆ ನೋಡಿದೆ. ನಾಕನೇ ನಿಮಿಷಕ್ಕೋ ಏನೋ ಪರದೆ ಮ್ಯಾಲ ಬೋರ್ಡಿನ ಕಂಪನಿ ಗುರುತು ಬಂತು.

ಇನ್ನೂ ಎರಡು ಮಾತು, ಇವನ್ನ ಅಂಗಡಿಯವರು ಹೇಳೂದಿಲ್ಲ. 6000ದ ವೇಗದ ರ‍್ಯಾಮ್ ತಂದ್ರೂ ಅದು ತಂತಾನ ಆ ವೇಗಕ್ಕ ಓಡೂದಿಲ್ಲ, ನಮ್ಮದು 4800ಕ್ಕ ನಿಂತಿತ್ತು. ಬಯಾಸಿನ್ಯಾಗ ಹೋಗಿ ಎಕ್ಸ್‌ಪೋ ಅನ್ನೋದನ್ನ ಹಚ್ಚಬೇಕು. ಪರದೆನೂ ಹಂಗ, 165 ಹರ್ಟ್ಜಿಂದು ತಂದ್ರೂ ವಿಂಡೋಸಿನ್ಯಾಗ 60ಕ್ಕ ಇತ್ತು, ಸೆಟ್ಟಿಂಗಿನ್ಯಾಗ ಬದಲಿ ಮಾಡಿದ್ವಿ. ಪರದೆ ವಾಯರನ್ನ ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಬೇಕು. ಬೋರ್ಡಿಗೆ ಚುಚ್ಚಿದ್ರೂ ಚಿತ್ರಾ ಬರತೈತಿ, ಆದ್ರ 29,500ರ ಕಾರ್ಡ್ ಸುಮ್ನ ಕುಂತಿರತೈತಿ.

ಒಟ್ಟು 1,10,000ದಾಗ 200 ರೂಪಾಯಿ ಉಳದಿದ್ದು. ಮಿರ್ಚಿ ಭಜಿ ತರಿಸಿದ್ವಿ.

ಈಗ ನೆಗೆಣ್ಣಿ ಮಾತಿಗೆ ಬರತೇನಿ. ಸಿಟ್ಟಿಲ್ಲವಾ ತಂಗಿ, ನೀ ಕೇಳಿದ್ದು ಎಲ್ಲಾರ ಮನಸಿನ್ಯಾಗ ಇತ್ತು. ಬಂಗಾರ ಏರತೈತಿ, ಕಂಪ್ಯೂಟರಿನ ಕಿಮ್ಮತ್ತು ಇಳೀತೈತಿ. ಖರೇ. ಆದ್ರ ಮೂರು ವರ್ಷದ ಹಿಂದ ದೊಡ್ಡಾಂವಗ 1,40,000ದ ಬೈಕ್ ಕೊಡಿಸಿದ್ವಿ, ಅಂವ ಪುಣೆಕ್ಕ ಹೋದ ಮ್ಯಾಲ ಅದು ಅಂಗಳದಾಗ ತಾಡಪತ್ರಿ ಹೊದ್ದು ನಿಂತೈತಿ. ಅವತ್ತ ಪೇಢೆ ತಿಂದು ಹೋದವರು ಯಾರೂ ತೊಲಿ ಲೆಕ್ಕಾ ಹಾಕಲಿಲ್ಲ. ಅದು ಪೂರಾ ನಮ್ಮ ರೊಕ್ಕಾ. ಇದರಾಗ 70 ಸಾವಿರ ಅಕಿ ದುಡದದ್ದು, ನನ್ನ 40ನ್ನ ತಿಂಗಳಿಗೆ 4 ಸಾವಿರದಂಗ ಹೊಳ್ಳಿ ಕೊಡಾಕಹತ್ತ್ಯಾಳ. ನವಂಬರದ್ದು ಮೊನ್ನೆ ಬಂತು. ಅಕಿ ಬಂಗಾರದ ಕಾಳಜಿ ನಮಗೂ ಐತಿ, ಅದರ ಪಾಸ್‌ಬುಕ್ ಬ್ಯಾರೆ. ನಾವು ಹೆಣ್ಮಕ್ಕಳು ನಮ್ಮ ಖುಷಿಗೆ ಅಂತ ಏನರೇ ತಗೊಂಡ್ರ ಅದಕ್ಕ ಮಿಕ್ಸರ್ ಅಂತನೋ ಹೊಲಿಗಿ ಮಷೀನ್ ಅಂತನೋ ಹೆಸರಿಟ್ಟು ಮನಿಯೊಳಗ ತರಬೇಕಾಗತೈತಿ. ಅಕಿ ಹಂಗ ತರಲಿಲ್ಲ, ಅದು ನಂಗ ಸೇರಿತು.

ಆಟಾ ನಾನೂ ನೋಡ್ತೇನಿ, ಜ್ವಾಳದ ಹಿಟ್ಟು ಸಾಣಿಸ್ಕೋತ. ಏನರೇ ಮಾಡಬೇಕಂದ್ರ ಇಪ್ಪತ್ತು ಮಾರಿದ್ದೊಂದು ದಾಳಾ ಉರುಳತೈತಿ. ಹೆಚ್ಚ ಬಿದ್ರ ಕೆಲಸಾ ಆಗತೈತಿ, ಒಂದ ಬಿದ್ರ ಫಜೀತಿ. ಹುಣಸೀಬೀಜದ ಆಟನ, ಬರೇ ಬಟ್ಟಿ ಬ್ಯಾರೆ. ದಾಳಾ ಉರುಳಿದ ಸಪ್ಪಳಾ ಕೇಳಿದ್ರ ಪಡಸಾಲಿಯಿಂದ ಅವರಪ್ಪ, "ಎಷ್ಟು ಬಿತ್ತು?" ಅಂತ ಕೇಳ್ತಾರ. ಆಟದ ಹೆಸರು ಅವರಿಗೆ ಇನ್ನೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಪೆಟಗಿ ಮುಂದಿನ ಜಾಳಿಗಿ ತಗದು ಧೂಳಾ ಝಾಡಸೂದು ಮಾತ್ರ ಅವರ ಮಾಡ್ತಾರ, ಬ್ಯಾರೆಯವರಿಗೆ ಮುಟ್ಟಗೊಡೂದಿಲ್ಲ.

ಹುಬ್ಬಳ್ಳಿ ಅಕ್ಕನ ಮಗಳು ನಿನ್ನೆ ತನ್ನ ಯಾದಿ ಕಳಿಸ್ಯಾಳ, ಚಿಗವ್ವಾ ಒಂದ್ಸಲ ನೋಡು ಅಂತ. ನೋಡಿದೆ. ಪ್ರೊಸೆಸರ್ ಬೋರ್ಡ್ ಕೂಡ್ಯಾವ, ಕಾರ್ಡ್ ಪರದೆ ಕೂಡ್ಯಾವ, ಪೆಟಗಿ ಮುಂದ ‘ಪವರ್ ಸಪ್ಲೈ ಫ್ರೀ’ ಅಂತ ಬರದಾಳ. ಇವತ್ತ ರಾತ್ರಿ ಫೋನ್ ಹಚ್ಚತೇನವಾ, ಹಚ್ಚಿ ನಿಮ್ಮ ಕಾಕಾನ ಕೈಯಾಗ ಕೊಡ್ತೇನಿ.